ಮಷೀನು ಮನೆಗೆ ಬಂದ ಮೇಲಿನ ಏಳು ರಾತ್ರಿ

ಗೊರಕೆ ಹೊಡೆಯುವ ಗಂಡನ ಪಕ್ಕದಲ್ಲಿ ವರ್ಷಗಟ್ಟಲೆ ಮಲಗಿದ ಹೆಂಗಸರನ್ನು ಕೇಳಿದರೆ ಬಹುಪಾಲು ಒಂದೇ ಮಾತು ಹೇಳುತ್ತಾರೆ. ಗೊರಕೆಗೆ ಕಿವಿ ಒಗ್ಗಿಹೋಗಿದೆ, ಎಚ್ಚರವಾಗುವುದು ಅದು ನಿಂತಾಗ. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು, ಕೆಲವೊಮ್ಮೆ ಮುಕ್ಕಾಲು ನಿಮಿಷ ಸದ್ದೇ ಇಲ್ಲ. ಎದೆ ಏರಿಳಿಯುತ್ತಿರುತ್ತದೆ, ಗಾಳಿ ಮಾತ್ರ ಒಳಗೆ ಹೋಗುತ್ತಿರುವುದಿಲ್ಲ. ಕತ್ತಲಲ್ಲಿ ಕೈಚಾಚಿ ಭುಜ ಅಲುಗಿಸುತ್ತಾರೆ. ಅಷ್ಟರಲ್ಲಿ ಗಂಡ ಜೋರಾಗಿ ಉಸಿರೆಳೆದು, ಮಗ್ಗುಲು ಬದಲಿಸಿ, ಮತ್ತೆ ಗೊರಕೆ ಶುರು ಮಾಡುತ್ತಾನೆ. ಬೆಳಿಗ್ಗೆ ಅವನಿಗೆ ಏನೂ ನೆನಪಿಲ್ಲ. ‘ನಿದ್ದೆ ಚೆನ್ನಾಗೇ ಬಂತು, ಯಾಕೋ ತಲೆ ಭಾರ’ ಎನ್ನುತ್ತಾನೆ. ಪೇಪರ್ ಹಿಡಿದವನು ಎರಡನೇ ಪುಟಕ್ಕೆ ಬರುವ ಮೊದಲೇ ತೂಕಡಿಸುತ್ತಾನೆ.

ಸ್ಲೀಪ್ ಆಪ್ನಿಯಾ ಎಂಬ ಈ ಕಾಯಿಲೆಗೆ ಮೊದಲ ಸಾಕ್ಷಿ ರೋಗಿಯಲ್ಲ, ಪಕ್ಕದಲ್ಲಿ ಮಲಗುವವರು. ಆದರೂ ಡಾಕ್ಟರ ಕೋಣೆಯೊಳಗೆ ರೋಗಿ ಒಬ್ಬನೇ ಹೋಗುತ್ತಾನೆ, ಸಾಕ್ಷಿ ಹೊರಗಿನ ಬೆಂಚಿನ ಮೇಲೆ ಚೀಟಿ ಹಿಡಿದು ಕೂತಿರುತ್ತಾಳೆ. ಈ ಕಾಯಿಲೆಯ ಚಿಕಿತ್ಸೆ ನಮ್ಮಲ್ಲಿ ಎಡವುವುದು ಅಲ್ಲಿಂದಲೇ ಎಂದು ನನಗೆ ಅನಿಸುತ್ತದೆ.

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಅಂಗಾತ ಮಲಗಿದಾಗ ನಾಲಿಗೆಯ ಬುಡವೂ ಕಿರುನಾಲಿಗೆಯ ಸುತ್ತಲಿನ ಮೆದು ಮಾಂಸವೂ ಹಿಂದಕ್ಕೆ ಜಾರಿ ಗಾಳಿಯ ದಾರಿಯನ್ನು ಕಿರಿದು ಮಾಡುತ್ತವೆ. ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗಿದರೆ ಗೊರಕೆ. ದಾರಿ ಪೂರ್ತಿ ಮುಚ್ಚಿದರೆ ಆಪ್ನಿಯಾ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಾಗಿ ಅರೆಕ್ಷಣ ಎಬ್ಬಿಸುತ್ತದೆ, ಗಂಟಲು ತೆರೆಯುತ್ತದೆ, ಮತ್ತೆ ನಿದ್ದೆ. ಕನಿಷ್ಠ ಹತ್ತು ಸೆಕೆಂಡು ಉಸಿರು ನಿಂತರೆ, ಅಥವಾ ಆಮ್ಲಜನಕ ಇಳಿಯುವಷ್ಟು ಕುಗ್ಗಿದರೆ, ಅದನ್ನು ಒಂದು ಎಂದು ಎಣಿಸುತ್ತಾರೆ. ಗಂಟೆಗೆ 5ಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಗಂಟೆಗೆ 30 ಎಂದರೆ ಎರಡು ನಿಮಿಷಕ್ಕೊಮ್ಮೆ, ರಾತ್ರಿಯಿಡೀ. ಇಷ್ಟು ಸಲ ಎದ್ದ ದೇಹದಲ್ಲಿ ಬಿಪಿ ಏರುವುದರಲ್ಲಿ ಆಶ್ಚರ್ಯವೇನಿದೆ? ಮೂರು ಮೂರು ಮಾತ್ರೆ ನುಂಗಿದರೂ ಬಿಪಿ ಇಳಿಯದವರಲ್ಲಿ ಸ್ಲೀಪ್ ಆಪ್ನಿಯಾ ಹೆಚ್ಚಾಗಿ ಕಾಣುತ್ತದೆ.

2022ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಹಿರಿ ಮುಂಬೈನಲ್ಲಿ ತೀರಿಕೊಂಡಾಗ, ಅವರಿಗೆ ಚಿಕಿತ್ಸೆ ನೀಡಿದ ವೈದ್ಯರು ಸ್ಲೀಪ್ ಆಪ್ನಿಯಾದ ಹೆಸರು ಹೇಳಿದರು. ‘ಆಫ್ರಿಕಾದಲ್ಲಿ ಶೀಲಾ’ ಚಿತ್ರಕ್ಕೆ ಸಂಗೀತ ಕೊಟ್ಟ ಅವರು ಕನ್ನಡಿಗರಿಗೂ ಬೇಕಾದವರೇ. ನಮ್ಮಲ್ಲಿ ಅನೇಕರು ಈ ಕಾಯಿಲೆಯ ಹೆಸರು ಕೇಳಿದ್ದು ಆ ವಾರದ ಸುದ್ದಿಯಲ್ಲಿ. ಮರುವರ್ಷ ದೆಹಲಿಯ ಏಮ್ಸ್ ವೈದ್ಯರು ದೇಶದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು: ದುಡಿಯುವ ವಯಸ್ಸಿನ ಭಾರತೀಯರಲ್ಲಿ ಸುಮಾರು 10.4 ಕೋಟಿ ಜನರಿಗೆ ಇದಿದೆ, ಅದರಲ್ಲಿ 4.7 ಕೋಟಿ ಜನರಿಗೆ ಮಧ್ಯಮ ಇಲ್ಲವೇ ತೀವ್ರ ಮಟ್ಟದಲ್ಲಿ. ದಪ್ಪಗಿದ್ದವರಿಗೆ ಮಾತ್ರ ಬರುತ್ತದೆ ಎಂದು ನಂಬಿದವರು ಬಹಳ. ಏಷ್ಯಾದವರ ದವಡೆ, ಮುಖದ ಮೂಳೆಗಳ ರಚನೆಯಿಂದಾಗಿ ಅಷ್ಟೇನೂ ತೂಕವಿಲ್ಲದವರಿಗೂ ಇದು ಬರುತ್ತದೆ. ಹೆಂಗಸರಲ್ಲಂತೂ ಗೊರಕೆಗಿಂತ ಹೆಚ್ಚಾಗಿ ನಿದ್ದೆ ಬಾರದಿರುವುದು, ಬೆಳಗಿನ ತಲೆನೋವು, ಮೈಕೈ ಸೋಲು ಇವೇ ಮುಂದೆ ಕಾಣುತ್ತವೆ. ಥೈರಾಯಿಡ್ ಇರಬಹುದು, ಮುಟ್ಟು ನಿಲ್ಲುವ ಕಾಲ ಇರಬಹುದು ಎಂದು ವರ್ಷಗಳು ಉರುಳುತ್ತವೆ. ಹೆಂಡತಿ ಗೊರಕೆ ಹೊಡೆಯುತ್ತಾಳೆಂದು ಡಾಕ್ಟರ ಹತ್ತಿರ ಕರೆದೊಯ್ಯುವ ಗಂಡಂದಿರೂ ಕಡಿಮೆ.

ಇದಕ್ಕೆ ಮದ್ದು ಸಿಕ್ಕಿದ್ದು 1980ರ ಜೂನ್‌ನಲ್ಲಿ, ಆಸ್ಟ್ರೇಲಿಯಾದ ಸಿಡ್ನಿಯಲ್ಲಿ. ಅಲ್ಲಿಯವರೆಗೆ ತೀವ್ರ ಆಪ್ನಿಯಾಕ್ಕೆ ಇದ್ದ ಖಚಿತ ಚಿಕಿತ್ಸೆ ಒಂದೇ, ಕುತ್ತಿಗೆಯಲ್ಲಿ ರಂಧ್ರ ಕೊರೆದು ಅಲ್ಲಿಂದಲೇ ಉಸಿರಾಡುವಂತೆ ಮಾಡುವುದು. ರಾಯಲ್ ಪ್ರಿನ್ಸ್ ಆಲ್ಫ್ರೆಡ್ ಆಸ್ಪತ್ರೆಗೆ ಬಂದ ಒಬ್ಬ ರೋಗಿ ಅದಕ್ಕೆ ಒಪ್ಪಲಿಲ್ಲ. ಆಗ ಡಾ. ಕಾಲಿನ್ ಸಲಿವನ್, ಮೂಗಿಗೆ ಒಂದು ಮುಖವಾಡ ಹಾಕಿ ವ್ಯಾಕ್ಯೂಮ್ ಕ್ಲೀನರಿನ ಮೋಟರಿನಿಂದ ಗಾಳಿ ಒಳಕ್ಕೆ ಊದಿ ನೋಡುವ ಯೋಚನೆ ಮುಂದಿಟ್ಟರು. ಒಂದು ರಾತ್ರಿಯ ಮಟ್ಟಿಗೆ ನೋಡೋಣ ಎಂದು ಆತ ಒಪ್ಪಿದ. ಒತ್ತಡ ಏರಿಸುತ್ತ ಹೋದಂತೆ ಒಂದು ಹಂತದಲ್ಲಿ ಉಸಿರು ಸಲೀಸಾಯಿತು, ಆತ ಗಾಢ ನಿದ್ದೆಗೆ ಜಾರಿದ. ಒತ್ತಡ ಇಳಿಸಿದರೆ ಉಸಿರು ಕಟ್ಟುತ್ತಿತ್ತು, ಏರಿಸಿದರೆ ಮತ್ತೆ ಸರಿ. ಐದು ರೋಗಿಗಳ ಈ ಅನುಭವ 1981ರ ಏಪ್ರಿಲ್‌ನಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಅದೇ ಇವತ್ತಿನ ಸಿಪ್ಯಾಪ್.

ತೋಟಕ್ಕೆ ನೀರು ಹಾಯಿಸುವ ಮೆತ್ತನೆಯ ಚಪ್ಪಟೆ ಪೈಪು ಮೋಟರು ನಿಂತಾಗ ನೆಲಕ್ಕೆ ಅಂಟಿಕೊಂಡಿರುತ್ತದೆ, ನೀರಿನ ಒತ್ತಡ ಬಂದೊಡನೆ ದುಂಡಗೆ ಎದ್ದು ನಿಲ್ಲುತ್ತದೆ. ಸಿಪ್ಯಾಪ್ ಗಂಟಲಿಗೆ ಮಾಡುವುದು ಅಷ್ಟನ್ನೇ. ಒತ್ತಡವೂ ಭಾರೀ ಏನಲ್ಲ. ಅಳೆಯುವುದು ನೀರಿನ ಎತ್ತರದ ಸೆಂಟಿಮೀಟರಿನಲ್ಲಿ, ಮಷೀನುಗಳ ವ್ಯಾಪ್ತಿ ಸಾಮಾನ್ಯವಾಗಿ 4ರಿಂದ 20. ಅದು ಆಕ್ಸಿಜನ್ ಕೊಡುವುದಿಲ್ಲ, ಕೋಣೆಯ ಗಾಳಿಯನ್ನೇ ಸೋಸಿ ಊದುತ್ತದೆ. ಈ ಒಂದು ಮಾತನ್ನು ಮನೆಯವರಿಗೆಲ್ಲ ಬಿಡಿಸಿ ಹೇಳಬೇಕು. ಕೋವಿಡ್ ಕಂಡ ಮೇಲೆ ಮುಖಕ್ಕೆ ಮಾಸ್ಕು, ಪಕ್ಕದಲ್ಲಿ ಮಷೀನು ಎಂದರೆ ನಮ್ಮ ಜನರಿಗೆ ಕಣ್ಣಮುಂದೆ ಬರುವುದು ಐಸಿಯು. ಮಲಗುವ ಕೋಣೆಗೆ ಇಣುಕಿದ ನೆಂಟರು ‘ಅಯ್ಯೋ, ಆಕ್ಸಿಜನ್ ಮೇಲಿದಾರಾ?’ ಎಂದು ಕೇಳಿದರೆ ಸಾಕು, ಮಾರನೇ ರಾತ್ರಿ ಮಷೀನು ಮಂಚದ ಕೆಳಗೆ ಸೇರುತ್ತದೆ.

ಹಾಗೆ ಮಂಚದ ಕೆಳಗೆ, ಬೀರುವಿನ ಮೇಲೆ ಡಬ್ಬಿಯ ಸಮೇತ ಕೂತಿರುವ ಮಷೀನುಗಳನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಒಳ್ಳೆಯ ಮಷೀನು, ಹತ್ತಾರು ಸಾವಿರ ಕೊಟ್ಟು ತಂದದ್ದು. ರೋಗ ನಿಜ, ಮದ್ದೂ ನಿಜ. ಇವೆರಡನ್ನು ಸೇರಿಸಬೇಕಾದ ಮನುಷ್ಯ ಮಾತ್ರ ಬರಲಿಲ್ಲ. ಸಾಮಾನ್ಯವಾಗಿ ನಡೆಯುವುದು ಹೀಗೆ: ಒಂದು ರಾತ್ರಿ ಮೈತುಂಬ ವೈರು ಅಂಟಿಸಿಕೊಂಡು ಸ್ಲೀಪ್ ಸ್ಟಡಿ. ಮಾರನೇ ವಾರ ಇಂಗ್ಲಿಷಿನ ರಿಪೋರ್ಟು, ಐದು ನಿಮಿಷದ ಮಾತು, ಡೀಲರಿನ ಫೋನ್ ನಂಬರು. ಡೀಲರಿನ ಹುಡುಗ ಡಬ್ಬಿ ತರುತ್ತಾನೆ, ಕುರ್ಚಿಯಲ್ಲಿ ಕೂರಿಸಿ ಮಾಸ್ಕು ಕಟ್ಟುತ್ತಾನೆ, ಗುಂಡಿ ಒತ್ತಿ ತೋರಿಸುತ್ತಾನೆ, ಬಿಲ್ಲಿಗೆ ಸಹಿ ಹಾಕಿಸಿಕೊಂಡು ಹೋಗುತ್ತಾನೆ. ಪರದೆ ಇಂಗ್ಲಿಷು, ಪುಸ್ತಿಕೆ ಇಂಗ್ಲಿಷು. ರಾತ್ರಿ ಹನ್ನೊಂದಕ್ಕೆ ಗಾಳಿ ಕಣ್ಣಿಗೆ ಹೊಡೆದಾಗ, ಬಾಯಿ ಒಣಗಿ ಕಟ್ಟಿಗೆಯಾದಾಗ, ಎದೆಯಲ್ಲಿ ಏನೋ ದಿಗಿಲಾದಾಗ ಕೇಳಲು ಯಾರೂ ಇಲ್ಲ.

ಇಲ್ಲಿ ಒಂದು ಸಂಶೋಧನೆಯನ್ನು ಹೇಳಲೇಬೇಕು. ಅಮೆರಿಕದ ಟೆರಿ ವೀವರ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಷೀನನ್ನು ನಿಯಮಿತವಾಗಿ ಹಾಕಿಕೊಳ್ಳುವವರ ಮತ್ತು ಆಗಾಗ ಬಿಡುವವರ ದಾರಿ ಬೇರೆಯಾದದ್ದು ಮೊದಲ ವಾರದಲ್ಲೇ, ನಾಲ್ಕನೇ ದಿನದ ಹೊತ್ತಿಗೇ. ಮೂರು ತಿಂಗಳ ನಂತರದ ‘ಫಾಲೋಅಪ್‌’ಗೆ ರೋಗಿ ಬರುವಷ್ಟರಲ್ಲಿ ತೀರ್ಮಾನ ಆಗಿಹೋಗಿರುತ್ತದೆ. ಹಾಗಾದರೆ ನಮ್ಮ ಶ್ರಮ, ಹಣ, ಜನ ಎಲ್ಲ ಸೇರಬೇಕಾದದ್ದು ಮೊದಲ ಏಳು ರಾತ್ರಿಗಳಲ್ಲಿ.

ಹಾಗೆ ಮಾಡಿದರೆ ಫಲ ಸಿಗುತ್ತದೆಯೇ? ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 80 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು, ವರದಿ ಬಂದದ್ದು 1999ರಲ್ಲಿ. ಒಂದು ಗುಂಪಿಗೆ ವಾಡಿಕೆಯ ಆರೈಕೆ. ಇನ್ನೊಂದು ಗುಂಪಿಗೆ ಮನೆಗೇ ಹೋಗಿ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ತಿಳಿಹೇಳಿದರು, ಕೇಂದ್ರದಲ್ಲಿ ಹೆಚ್ಚುವರಿ ರಾತ್ರಿಗಳನ್ನು ಕಳೆಯಲು ಅವಕಾಶ ಕೊಟ್ಟರು, ಆಮೇಲೂ ನರ್ಸ್ ಮನೆಗೆ ಬಂದುಹೋಗುತ್ತಿದ್ದರು. ಆರು ತಿಂಗಳಲ್ಲಿ ಮೊದಲ ಗುಂಪಿನವರ ಸರಾಸರಿ ಬಳಕೆ ರಾತ್ರಿಗೆ ನಾಲ್ಕು ಗಂಟೆಗೂ ಕಡಿಮೆ, ಎರಡನೆಯದರಲ್ಲಿ ಐದು ಗಂಟೆ ದಾಟಿತ್ತು. ಮಷೀನು ಅದೇ. ಆ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಕಂಡಿತು: ತಾವಾಗಿಯೇ ಡಾಕ್ಟರನ್ನು ಹುಡುಕಿ ಬಂದವರಿಗಿಂತ, ಸಂಗಾತಿಯ ಒತ್ತಾಯಕ್ಕೆ ಬಂದವರು ಮಷೀನನ್ನು ಕಡಿಮೆ ಬಳಸಿದರು. ನಮ್ಮಲ್ಲಿ ಬರುವ ಗಂಡಸರಲ್ಲಿ ಎಷ್ಟು ಜನ ಹೆಂಡತಿಯ ಕಾಟ ತಾಳಲಾರದೆ ಬಂದವರೋ! ಅಂಥವರಿಗೆ ಕಾಯಿಲೆ ತಮ್ಮದೇ ಎಂದು ಮನದಟ್ಟಾಗದೆ ಮಾಸ್ಕು ಮುಖದ ಮೇಲೆ ನಿಲ್ಲುವುದಿಲ್ಲ. ರಿಪೋರ್ಟಿನ ಗೆರೆಗಳನ್ನು ತೋರಿಸಿ, ‘ನೋಡಿ ಸರ್, ಬೆಳಗಿನ ಜಾವ ಮೂರು ಗಂಟೆಗೆ ನಿಮ್ಮ ಆಕ್ಸಿಜನ್ ಇಷ್ಟಕ್ಕೆ ಇಳಿದಿದೆ’ ಎಂದು ಕೂತು ಹೇಳುವ ಹತ್ತು ನಿಮಿಷ ಬೇಕು.

2016ರಲ್ಲಿ ಪ್ರಕಟವಾದ ‘ಸೇವ್’ ಎಂಬ ದೊಡ್ಡ ಅಧ್ಯಯನವನ್ನೂ ಮುಚ್ಚಿಡಬಾರದು. ಭಾರತವೂ ಸೇರಿ ಏಳು ದೇಶಗಳ 2,717 ಹೃದ್ರೋಗಿಗಳು ಮತ್ತು ಪಾರ್ಶ್ವವಾಯು ಪೀಡಿತರಲ್ಲಿ, ಸಿಪ್ಯಾಪ್ ಬಳಸಿದವರಿಗೆ ಮತ್ತೆ ಹೃದಯಾಘಾತ, ಪಾರ್ಶ್ವವಾಯು ಬರುವುದು ಕಡಿಮೆಯಾಗಲಿಲ್ಲ. ಹಗಲಿನ ತೂಕಡಿಕೆ ಇಳಿಯಿತು, ಮನಸ್ಸು ಹಗುರವಾಯಿತು, ಬದುಕಿನ ಗುಣಮಟ್ಟ ಸುಧಾರಿಸಿತು. ಮಷೀನು ಸುಳ್ಳು ಎಂದು ಇದನ್ನು ಎತ್ತಿ ತೋರಿಸುವವರಿದ್ದಾರೆ. ಆ ಅಧ್ಯಯನದಲ್ಲಿ ಜನ ಮಾಸ್ಕು ಹಾಕಿಕೊಂಡದ್ದು ರಾತ್ರಿಗೆ ಸರಾಸರಿ 3.3 ಗಂಟೆ. ಅರ್ಧ ರಾತ್ರಿಯ ಚಿಕಿತ್ಸೆಯಿಂದ ಇಡೀ ರಾತ್ರಿಯ ಫಲ ಕೇಳುವುದು ಸರಿಯಲ್ಲ ಎಂಬುದು ನನ್ನ ಓದು. ಹೃದಯಕ್ಕೆ ರಕ್ಷೆ ಎಂದು ರೋಗಿಗೆ ಮಾತು ಕೊಡುವುದೂ ಸರಿಯಲ್ಲ.

ಹಾಸನ ಜಿಲ್ಲೆಯ ಒಂದು ಮನೆಯಲ್ಲಿ, ನಿವೃತ್ತ ಮೇಷ್ಟ್ರೊಬ್ಬರಿಗೆ ಮಷೀನು ಕೂರಿಸಲು ಬಂದ ತಂತ್ರಜ್ಞನ ಕೆಲಸ ನೋಡುವ ಅವಕಾಶ ನನಗೆ ಸಿಕ್ಕಿತ್ತು. ಆತ ಮೊದಲು ಮಾಡಿದ ಕೆಲಸ ಅಡುಗೆಮನೆಯಲ್ಲಿದ್ದ ಅಮ್ಮನನ್ನು ಕರೆದದ್ದು. ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕೇಳಿದರು:

‘ರಾತ್ರಿ ಕರೆಂಟ್ ಹೋದ್ರೆ ಇವ್ರಿಗೆ ಉಸಿರು ಕಟ್ಟಲ್ವೇನಪ್ಪಾ?’

‘ಕಟ್ಟಲ್ಲ ಅಮ್ಮ. ಇಲ್ಲಿ ನೋಡಿ, ಸಣ್ಣ ಸಣ್ಣ ತೂತು. ಬಿಟ್ಟ ಉಸಿರು ಇದರಲ್ಲೇ ಹೊರಗೆ ಹೋಗುತ್ತೆ. ಮಷೀನ್ ನಿಂತ್ರೆ ಸಾರ್‌ಗೆ ತಾನೇ ಎಚ್ಚರ ಆಗುತ್ತೆ, ಮಾಸ್ಕ್ ತೆಗೆದಿಟ್ಟು ಮಲಗ್ತಾರೆ ಅಷ್ಟೆ. ಈ ತೂತು ಮಾತ್ರ ಮುಚ್ಚಬೇಡಿ, ರಗ್ಗು ಮುಖದ ಮೇಲೆ ಎಳಿಬೇಡಿ.’

ಆಮೇಲೆ ಮೇಷ್ಟ್ರನ್ನು ಹಾಸಿಗೆಯ ಮೇಲೆ ಮಲಗಿಸಿಯೇ ಪಟ್ಟಿ ಸರಿಮಾಡಿದ. ಕೂತಾಗ ಸರಿಯಾಗಿ ಕೂತ ಮಾಸ್ಕು ಮಲಗಿದಾಗ ಸೋರುತ್ತದೆ, ಕೆನ್ನೆಯ ಮಾಂಸ ಜಾರಿ ಮುಖದ ಆಕಾರವೇ ಬದಲಾಗುವುದರಿಂದ. ಸೋರಿದರೆ ಎಲ್ಲರೂ ಮಾಡುವುದು ಪಟ್ಟಿ ಬಿಗಿಯುವುದು. ಬಿಗಿದಷ್ಟೂ ಮೆತ್ತೆ ಸುಕ್ಕಾಗಿ ಇನ್ನಷ್ಟು ಸೋರುತ್ತದೆ, ಮೂಗಿನ ಮೇಲೆ ಗಾಯವಾಗುತ್ತದೆ. ಮಾಸ್ಕನ್ನು ಒಮ್ಮೆ ಮುಖದಿಂದ ಎತ್ತಿ ಗಾಳಿ ತುಂಬಲು ಬಿಟ್ಟು ಮತ್ತೆ ಕೂರಿಸಬೇಕು. ದಪ್ಪ ಮೀಸೆಯವರಿಗೆ ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಚಿಕ್ಕ ಮಾಸ್ಕು ಹೊಂದಬಹುದು. ಹಲ್ಲುಸೆಟ್ಟು ತೆಗೆದಿಟ್ಟು ಮಲಗುವವರಿಗೆ, ತೆಗೆದ ಮೇಲೆಯೇ ಅಳತೆ ನೋಡಬೇಕು.

ಆತ ಹೇಳಿದ ಇನ್ನೊಂದು ಮಾತು ನನಗೆ ಬಹಳ ಇಷ್ಟವಾಯಿತು. ಮೊದಲ ದಿನವೇ ರಾತ್ರಿ ಹಾಕಿಕೊಂಡು ಮಲಗಬೇಡಿ, ಸಂಜೆ ಟಿವಿ ನೋಡುವಾಗ ಅರ್ಧ ಗಂಟೆ ಹಾಕಿಕೊಂಡು ಕೂತಿರಿ. ಮುಖ ಮುಚ್ಚಿದರೆ ದಿಗಿಲಾಗುವವರಿಗೆ ಇದೇ ಔಷಧ. ಮೊದಲು ಮಾಸ್ಕನ್ನು ಬರೀ ಕೈಯಲ್ಲಿ ಹಿಡಿದು ಮೂಗಿಗಿಟ್ಟುಕೊಳ್ಳುವುದು, ಆಮೇಲೆ ಪಟ್ಟಿ, ಆಮೇಲೆ ಗಾಳಿ. ಕಡಿಮೆ ಒತ್ತಡದಿಂದ ಶುರುವಾಗಿ ನಿಧಾನಕ್ಕೆ ಏರುವ ‘ರ‍್ಯಾಂಪ್’ ಸೌಲಭ್ಯ ಬಹುತೇಕ ಎಲ್ಲ ಮಷೀನುಗಳಲ್ಲಿ ಇದೆ, ಅದನ್ನು ತೋರಿಸಿಕೊಡದಿದ್ದರೆ ರೋಗಿಗೆ ಗೊತ್ತಾಗುವುದಿಲ್ಲ. ರಾತ್ರಿ ಬಚ್ಚಲಿಗೆ ಎದ್ದವರು ಮಾಸ್ಕು ಕಿತ್ತೆಸೆಯಬೇಕಿಲ್ಲ, ಕೊಳವೆಯ ಕೊಂಡಿ ಬಿಡಿಸಿಕೊಂಡು ಹೋಗಿಬಂದು ಮತ್ತೆ ಸಿಕ್ಕಿಸಿಕೊಳ್ಳಬಹುದು. ಚಿಕಿತ್ಸೆ ಹಿಡಿದ ಮೇಲೆ ಹಾಗೆ ಏಳುವುದೇ ಅನೇಕರಿಗೆ ಕಡಿಮೆಯಾಗುತ್ತದೆ. ರಾತ್ರಿ ಮೂರು ಸಲ ಮೂತ್ರಕ್ಕೆ ಏಳುವುದನ್ನು ಸಕ್ಕರೆ ಕಾಯಿಲೆ ಎಂದೋ ವಯಸ್ಸು ಎಂದೋ ತಿಳಿದಿದ್ದವರಿಗೆ ಇದು ದೊಡ್ಡ ಅಚ್ಚರಿ. ಮಧ್ಯಾಹ್ನ ಊಟವಾಗಿ ಒರಗುವವರಿಗೂ ಮಾಸ್ಕು ಬೇಕು. ಗಂಟಲಿಗೆ ಹಗಲು ರಾತ್ರಿ ಗೊತ್ತಿಲ್ಲ.

ನೀರಿನ ವಿಷಯ ನಮ್ಮ ಕಡೆ ಬಹಳ ಮುಖ್ಯ. ಮೂಗು ಒಣಗದಂತೆ ಗಾಳಿಗೆ ತೇವ ಕೊಡುವ ಪುಟ್ಟ ತೊಟ್ಟಿಯೊಂದು ಮಷೀನಿನಲ್ಲಿರುತ್ತದೆ. ಕೋಲಾರ, ಚಿತ್ರದುರ್ಗ, ಕಲಬುರಗಿಯ ಬೋರ್‌ವೆಲ್ ನೀರು ಹಾಕಿದರೆ ಕೆಲವೇ ದಿನಗಳಲ್ಲಿ ತಳದಲ್ಲಿ ಬಿಳಿ ಪದರು ಕಟ್ಟುತ್ತದೆ. ಕಾಯಿಸಿದರೂ ಗಡಸುತನ ಪೂರ್ತಿ ಹೋಗುವುದಿಲ್ಲ. ತಯಾರಕರು ಹೇಳುವುದು ಡಿಸ್ಟಿಲ್ಡ್ ವಾಟರ್. ಇನ್ವರ್ಟರ್ ಬ್ಯಾಟರಿಗೆಂದು ಮಾರುವ ನೀರು ಉಸಿರಿಗಲ್ಲ, ಔಷಧಿ ಅಂಗಡಿಯಲ್ಲಿ ಕೇಳಿ ತರಬೇಕು. ಬೆಳಿಗ್ಗೆ ಉಳಿದ ನೀರು ಚೆಲ್ಲಿ, ತೊಟ್ಟಿ ತೊಳೆದು ಒಣಗಿಸಬೇಕು. ಮಾಸ್ಕಿನ ಮೆತ್ತೆಯನ್ನು ಸೌಮ್ಯ ಸೋಪಿನಲ್ಲಿ ದಿನಾ ತೊಳೆಯಬೇಕು, ಮುಖದ ಜಿಡ್ಡು ಉಳಿದರೆ ಸೋರಿಕೆ ಶುರು. ಒಕ್ಕಣೆ ಕಾಲದ ಧೂಳು, ಅಗರಬತ್ತಿ ಹೊಗೆ ಇರುವ ಕೋಣೆಯಲ್ಲಿ ಫಿಲ್ಟರ್ ಬೇಗ ಕಪ್ಪಾಗುತ್ತದೆ. ಎಸಿಯ ತಂಪಿನಲ್ಲಿ ಕೊಳವೆಯೊಳಗೆ ನೀರು ಹನಿಗಟ್ಟಿ ಮೂಗಿಗೆ ಚಿಮ್ಮುವುದುಂಟು. ತೇವದ ಮಟ್ಟ ಇಳಿಸಿದರೆ ಅಥವಾ ಕೊಳವೆಯನ್ನು ಹೊದಿಕೆಯೊಳಗೆ ಇಟ್ಟುಕೊಂಡರೆ ನಿಲ್ಲುತ್ತದೆ. ಮನೆಯ ಇನ್ವರ್ಟರಿನಲ್ಲಿ ಮಷೀನು ಸಲೀಸಾಗಿ ಓಡುತ್ತದೆ. ವಿದ್ಯುತ್ ಹೆಚ್ಚು ಎಳೆಯುವುದು ನೀರು ಬಿಸಿ ಮಾಡುವ ಭಾಗ, ಕರೆಂಟು ಹೋದಾಗ ಅದನ್ನು ಆರಿಸಿದರೆ ಬ್ಯಾಟರಿ ಬೆಳಗಿನವರೆಗೆ ಬರಬಹುದು.

ಇವೆಲ್ಲ ಸಣ್ಣ ಸಂಗತಿಗಳು, ಯಾರಾದರೂ ಹೇಳಿದರೆ. ಹೇಳದಿದ್ದರೆ ಒಂದೊಂದೂ ಮಷೀನನ್ನು ಬೀರುವಿಗೆ ಸೇರಿಸಲು ಸಾಕಾಗುವಷ್ಟು ದೊಡ್ಡವು.

ಅಮೆರಿಕದಲ್ಲಿರುವ ಮಗ ಅಪ್ಪನಿಗೆಂದು ಮಷೀನು ಕಳಿಸುವ ಮನೆಗಳೂ ನಮ್ಮಲ್ಲಿವೆ. ಪ್ರೀತಿಯಿಂದ ಕಳಿಸಿದ್ದೇ. ಆದರೆ ಒತ್ತಡ ಹೊಂದಿಸಲು, ಅದೇ ಮಾದರಿಯ ಮೆತ್ತೆ ಹುಡುಕಲು ಇಲ್ಲಿ ಯಾರೂ ಸಿಗದೆ ಪರದಾಡಬೇಕಾಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಇನ್ನೊಂದು ಅಪಾಯ. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ಲಕ್ಷಾಂತರ ಮಷೀನುಗಳನ್ನು ವಾಪಸು ಪಡೆಯುವುದಾಗಿ ಪ್ರಕಟಿಸಿತು. ಸದ್ದು ಅಡಗಿಸಲು ಒಳಗಿಟ್ಟ ಫೋಮ್ ಪುಡಿಯಾಗಿ ಉಸಿರಿಗೆ ಸೇರಬಹುದೆಂಬ ಭಯ ಅದಕ್ಕೆ ಕಾರಣ. ಓಜೋನ್ ಬಳಸಿ ಶುಚಿ ಮಾಡುವ ಉಪಕರಣಗಳು ಆ ಫೋಮನ್ನು ಇನ್ನಷ್ಟು ಬೇಗ ಹಾಳುಮಾಡುತ್ತವೆ ಎಂದೂ ಹೇಳಿತು. ಇಂಥ ಸುದ್ದಿ ತಲುಪುವುದು ಸೀರಿಯಲ್ ನಂಬರು ನೋಂದಾಯಿಸಿದವರಿಗೆ. ಕೈಯಿಂದ ಕೈಗೆ ಬಂದ ಮಷೀನಿನ ಒಡೆಯನ ಹೆಸರು ಯಾವ ಪಟ್ಟಿಯಲ್ಲಿದ್ದೀತು?

ಹಣದ ಮಾತು ಕಹಿಯಾದದ್ದು. ಎಷ್ಟೋ ಆರೋಗ್ಯ ವಿಮೆಗಳು ಸಿಪ್ಯಾಪ್ ಉಪಕರಣವನ್ನು ‘ಕೊಡಲಾಗದ ಖರ್ಚು’ಗಳ ಸಾಲಿಗೆ ಸೇರಿಸಿವೆ. ಸ್ಟೆಂಟಿಗೆ ಹಣ ಕೊಡುವ ವಿಮೆ, ಮನೆಯಲ್ಲಿ ರಾತ್ರಿಯಿಡೀ ಉಸಿರು ಕಾಯುವ ಮಷೀನಿಗೆ ಕೊಡುವುದಿಲ್ಲ. ಇದು ಬದಲಾಗಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಅಲ್ಲಿಯವರೆಗೆ, ಪೂರ್ತಿ ಹಣ ಕಟ್ಟುವ ಮೊದಲು ಕೆಲ ವಾರ ಬಾಡಿಗೆಗೆ ತಂದು ನೋಡುವುದು ಜಾಣತನ.

ಬೇರೆ ದಾರಿಗಳಿಲ್ಲವೆಂದಲ್ಲ. ತೂಕ ಇಳಿದರೆ ಆಪ್ನಿಯಾ ಇಳಿಯುತ್ತದೆ. ಬೊಜ್ಜಿನ ಜೊತೆ ಆಪ್ನಿಯಾ ಇರುವವರಿಗೆಂದು ಟಿರ್ಜೆಪಟೈಡ್ ಚುಚ್ಚುಮದ್ದಿಗೆ ಅಮೆರಿಕದ ಔಷಧ ನಿಯಂತ್ರಕರು 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದ್ದಾರೆ. ಕೆಳದವಡೆಯನ್ನು ಮುಂದೆ ಹಿಡಿಯುವ ಹಲ್ಲಿನ ಸಾಧನ ಸೌಮ್ಯ ಮಟ್ಟದವರಿಗೆ ಒಗ್ಗುತ್ತದೆ. ಮಗ್ಗುಲಾಗಿ ಮಲಗುವುದು, ರಾತ್ರಿ ಮದ್ಯ ಬಿಡುವುದು ಎಲ್ಲರಿಗೂ ಒಳ್ಳೆಯದು. ಯಾವುದು ಯಾರಿಗೆ ಎಂಬುದನ್ನು ಡಾಕ್ಟರು ಹೇಳಬೇಕು. ಯಾವುದೇ ಆಪರೇಷನ್‌ಗೆ ಹೋದಾಗ ‘ನನಗೆ ಸ್ಲೀಪ್ ಆಪ್ನಿಯಾ ಇದೆ’ ಎಂದು ಅರಿವಳಿಕೆ ಡಾಕ್ಟರಿಗೆ ಮೊದಲೇ ತಿಳಿಸಿ, ಮಷೀನನ್ನು ಜೊತೆಗೊಯ್ಯಬೇಕು ಎಂಬುದನ್ನು ಮಾತ್ರ ಒತ್ತಿ ಹೇಳುತ್ತೇನೆ.

ಅಮೆರಿಕದಲ್ಲಿ 1980ರ ದಶಕದ ಕೊನೆಯಿಂದಲೇ ಆಪ್ನಿಯಾ ರೋಗಿಗಳು ತಾವೇ ಸೇರಿ, ಮಾಸ್ಕು ಹಿಡಿದುಕೊಂಡು ಬಂದು ಕೂತು ಮಾತಾಡುವ ಗುಂಪುಗಳು ಹುಟ್ಟಿಕೊಂಡವು. ಬೆಂಗಳೂರಿನಲ್ಲಿ ಕುಡಿತ ಬಿಟ್ಟವರು ಕನ್ನಡದಲ್ಲೇ ಸಭೆ ಸೇರಿ ಒಬ್ಬರಿಗೊಬ್ಬರು ಆಸರೆಯಾಗುವುದನ್ನು ನಾವು ಬಲ್ಲೆವು. ಆಪ್ನಿಯಾದವರಿಗೆ ಅಂಥದ್ದೊಂದು ಯಾಕಾಗಬಾರದು? ಜಿಲ್ಲಾಸ್ಪತ್ರೆಗಳಲ್ಲಿ ಬಿಪಿ, ಸಕ್ಕರೆಗೆಂದು ಪ್ರತ್ಯೇಕ ತಪಾಸಣೆ ಇದೆ. ಅಲ್ಲಿನ ಸಿಸ್ಟರ್ ‘ಗೊರಕೆ ಹೊಡೀತೀರಾ? ಉಸಿರು ನಿಲ್ಲುತ್ತೆ ಅಂತ ಮನೆಯವರು ಹೇಳಿದಾರಾ?’ ಎಂದು ಎರಡು ಪ್ರಶ್ನೆ ಕೇಳಲು ಒಂದು ನಿಮಿಷ ಸಾಕು. ಮಷೀನು ಬರೆದುಕೊಡುವ ಆಸ್ಪತ್ರೆ ತಿಂಗಳಿಗೊಂದು ಶನಿವಾರ ಹಳೇ ರೋಗಿಗಳನ್ನೂ ಹೊಸಬರನ್ನೂ ಮನೆಯವರ ಸಮೇತ ಒಂದು ಕೋಣೆಯಲ್ಲಿ ಕೂರಿಸಲಿ. ಎರಡು ವರ್ಷದಿಂದ ಮಾಸ್ಕು ಹಾಕುತ್ತಿರುವ ಲಾರಿ ಚಾಲಕ ‘ಮೊದಲ ವಾರ ನಾನೂ ಕಿತ್ತೆಸೆದಿದ್ದೆ ಕಣಣ್ಣ’ ಎಂದು ಹೇಳುವ ಮಾತಿಗಿರುವ ಬಲ ಯಾವ ಕರಪತ್ರಕ್ಕೂ ಇಲ್ಲ.

ಈ ತಿಂಗಳು ಮಷೀನು ಕೊಳ್ಳಲು ಹೊರಟವರು ಡೀಲರಿನ ಹತ್ತಿರ ಇಷ್ಟನ್ನು ಕೇಳಿ. ಮೊದಲ ವಾರದಲ್ಲಿ ಮನೆಗೆ ಎಷ್ಟು ಸಲ ಬರುತ್ತೀರಿ? ರಾತ್ರಿ ಹನ್ನೊಂದಕ್ಕೆ ಮಾಸ್ಕು ಸೋರಿದರೆ ಯಾರಿಗೆ ಫೋನ್ ಮಾಡಲಿ, ಅವರು ಕನ್ನಡದಲ್ಲಿ ಮಾತಾಡುತ್ತಾರಾ? ಮಷೀನಿನಲ್ಲಿ ದಾಖಲಾಗುವ ಬಳಕೆಯ ಲೆಕ್ಕವನ್ನು ನಮ್ಮ ಡಾಕ್ಟರಿಗೆ ಯಾರು ತಲುಪಿಸುತ್ತಾರೆ? ಮಾಸ್ಕು ಮುಖಕ್ಕೆ ಹೊಂದದಿದ್ದರೆ ಎಷ್ಟು ದಿನದೊಳಗೆ ಬೇರೆಯದು ಕೊಡುತ್ತೀರಿ? ಕೊನೆಯದರ ಉತ್ತರವನ್ನು ಬಿಲ್ಲಿನ ಮೇಲೆಯೇ ಬರೆಸಿ, ಸೀಲು ಹಾಕಿಸಿಕೊಳ್ಳಿ. ಕೇಳಲು ಹೋಗುವಾಗ ಪಕ್ಕದಲ್ಲಿ ಮಲಗುವವರನ್ನೂ ಕರೆದುಕೊಂಡು ಹೋಗಿ.